ನಾಳಿನವನ ಎಡಗಾಲು

ಹೋಳಿಹುಣ್ಣಿಮೆ ಕಳೆದಿತ್ತು, ಕಟ್ಟೆಯ ಮೇಲಿನ ಬಣ್ಣದ ಕಲೆ ಇನ್ನೂ ಹೋಗಿರಲಿಲ್ಲ. ಬಿಸಿಲು ಏರುವ ಮೊದಲು, ಹಾಲಿನ ಗಾಡಿ ಬಂದು ಹೋದ ಹೊತ್ತಿಗೆ, ಮಲಪ್ರಭಾ ಕ್ಲಬ್ಬಿನ ಕಾರು ನಮ್ಮ ಮನೆಯ ಮುಂದೆ ನಿಂತು ಆ ಹುಡುಗನನ್ನು ಇಳಿಸಿತು. ಇದು ಶುರುವಾದದ್ದು ಅಲ್ಲಿಂದ.

ನಮ್ಮ ಮನೆ ಧಾರವಾಡದ ಕೆಲಗೇರಿ ಕೆರೆಯ ಕಡೆ. ನನ್ನ ಹೆಂಡತಿ ನೀಲವ್ವ ಖಾನಾವಳಿ ನಡೆಸುತ್ತಾಳೆ. ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆಲ್ಲ ಊಟ ನಮ್ಮಲ್ಲೇ. ಹೊರಗಿನಿಂದ ಪರೀಕ್ಷೆಗೆ ಬಂದವರು ಇಳಿದುಕೊಳ್ಳುವುದೂ ನಮ್ಮ ಮಾಳಿಗೆಯ ಕೋಣೆಯಲ್ಲೇ. ಮಧ್ಯಾಹ್ನದ ಬುತ್ತಿಯನ್ನು ಕ್ಲಬ್ಬಿನ ಯಂತ್ರದ ಕೋಣೆಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಅಲ್ಲಿ ನಡೆದದ್ದನ್ನೂ ಕಂಡಿದ್ದೇನೆ, ಮನೆಯಲ್ಲಿ ನಡೆದದ್ದನ್ನೂ ಕಂಡಿದ್ದೇನೆ.

ಹುಡುಗನ ಹೆಸರು ಮಾಲೋ. ಫ್ರಾನ್ಸ್ ದೇಶದ ಪಶ್ಚಿಮ ಕಡಲದಂಡೆಯ ಮೀನುಗಾರರ ಊರಿನವನು. ಇನ್ನೂ ಹತ್ತೊಂಬತ್ತರ ಎಳೆಯ. ಆಟದಲ್ಲಿ ಅವನು ಗಾರ್ಡ್. ಚೆಂಡನ್ನು ಆ ತುದಿಯಿಂದ ಈ ತುದಿಗೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನೋಡಿ ಆಟ ಕಟ್ಟುವವನಿಗೆ ಹಾಗೆನ್ನುತ್ತಾರೆ. ಅವನ ಕೊರಳಲ್ಲಿ ಬಿಲ್ಲೆಯಂಥದೊಂದು ತೂಗುತ್ತಿತ್ತು. ಅವನು ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಆಡಿದ್ದನ್ನು ಅದು ಕನ್ನಡ ಮಾಡಿ ಹೇಳುತ್ತಿತ್ತು.

"ನಮಸ್ಕಾರ ಮಾತೆಯವರೇ. ತಮ್ಮ ಗೃಹದಲ್ಲಿ ವಾಸಿಸಲು ನನಗೆ ಹರ್ಷವಾಗುತ್ತದೆ" ಎಂದಿತು ಬಿಲ್ಲೆ.

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯ ನಮ್ಮವ್ವ, ಇದೇನು ಹುಡುಗನೋ ರೇಡಿಯೋ ವಾರ್ತಾನೋ! ಮಾಲೋ ಅಂದ್ರ ನನ್ನ ನಾಲಿಗಿ ಹೊಳ್ಳಾಂಗಿಲ್ಲಪಾ. ಮಾಲಪ್ಪ ಅಂತೀನಿ. ಒಳಗ ಬಾ, ರೊಟ್ಟಿ ಬಿಸಿ ಅದಾವ."

ಕ್ಲಬ್ಬಿನಲ್ಲಿದ್ದ ಯಂತ್ರಕ್ಕೆ ಪೂರ್ವದರ್ಶಿ ಎಂದು ಹೆಸರು. ನೀಲವ್ವ ಅದನ್ನು ಬುಡಬುಡಕಿ ಅನ್ನುತ್ತಿದ್ದಳು. ಆಟದ ಅಂಗಳದ ಹಲಗೆಯ ಕೆಳಗೆ ತೆಳ್ಳನೆಯ ಹಾಳೆ ಹಾಸಿದ್ದರು, ಅದು ಪ್ರತಿಯೊಂದು ಹೆಜ್ಜೆಯ ಭಾರ ಅಳೆಯುತ್ತಿತ್ತು. ಸುತ್ತಲಿನ ಗೋಡೆಗಳಲ್ಲಿ ಕ್ಯಾಮೆರಾ. ಹೊಸಬನೊಬ್ಬ ಒಂದು ತಾಸು ಆಡಿದರೆ ಸಾಕು, ಅವನ ಕೀಲು, ನರ, ಉಸಿರು ಎಲ್ಲವನ್ನೂ ತಾನು ಮೊದಲು ಕಂಡಿದ್ದ ಸಾವಿರಾರು ಆಟಗಾರರ ಜೊತೆ ಹೋಲಿಸಿ, ಹತ್ತು ವರ್ಷದ ಆಚೆ ಅವನು ಹೇಗಿರುತ್ತಾನೆಂದು ಲೆಕ್ಕ ಹಾಕುತ್ತಿತ್ತು. ಆಮೇಲೆ ಖಾಲಿ ಅಂಗಳದಲ್ಲಿ ಬೆಳಕಿನಿಂದ ಒಂದು ಆಳು ಎದ್ದು ನಿಂತು ಆಡಿ ತೋರಿಸುತ್ತಿತ್ತು. ಮುಖ ಅದೇ, ಮೈ ಬಲಿತದ್ದು. ಆಟಗಾರರು ಅದನ್ನು ನಾಳಿನವನು ಅನ್ನುತ್ತಿದ್ದರು. ನಾಳಿನವನ ಆಟ ನೋಡಿ ಇವತ್ತಿನವನನ್ನು ಕೊಳ್ಳುವುದು, ಇಲ್ಲವೇ ಬಿಡುವುದು.

ಒಂದು ಕ್ಲಬ್ಬಿನ ಯಂತ್ರ ಹೇಳಿದ್ದು ಲೋಕದ ಎಲ್ಲ ಕ್ಲಬ್ಬಿಗೂ ಹೋಗುತ್ತಿತ್ತು. ಇಲ್ಲಿ ಬೇಡವಾದವನು ಎಲ್ಲಿಯೂ ಬೇಡವಾದ ಹಾಗೆಯೇ.

ಯಂತ್ರ ನೋಡಿಕೊಳ್ಳುವವರು ಡಾಕ್ಟರ್ ಮಂದಾಕಿನಿ ಕಟಗೇರಿ. ಇದೇ ಊರಿನ ಹೆಣ್ಣುಮಗಳು, ಕಡಿಮೆ ಮಾತು. ಕೋಚ್ ಇಮಾಮಸಾಬ ನದಾಫ, ಎಲ್ಲರ ಬಾಯಲ್ಲಿ ನದಾಫ ಸರ್. ಕೊಳ್ಳುವ ಬಿಡುವ ಅಧಿಕಾರ ಮ್ಯಾನೇಜರ್ ಗುರುಪಾದ ಶೆಟ್ಟರದು.

ಮಾಲೋನ ಮೊದಲ ಪರೀಕ್ಷೆಯ ದಿನ ನಾನು ಬುತ್ತಿ ಇಟ್ಟು ಅಲ್ಲೇ ಗೋಡೆಗೆ ಆತು ನಿಂತೆ. ಕ್ಲಬ್ಬಿನ ಹುಡುಗರ ನಡುವೆ ಅವನು ಚೆನ್ನಾಗಿ ಆಡಿದ. ಚೆಂಡು ಅವನ ಅಂಗೈಯ ಮಾತು ಕೇಳುತ್ತಿತ್ತು. ಕಣ್ಣು ಒಂದು ಕಡೆ, ಚೆಂಡು ಇನ್ನೊಂದು ಕಡೆ. ನದಾಫ ಸರ್ ಎರಡು ಸಲ "ವಾಹ್" ಅಂದರು, ಅವರು ಸುಮ್ಮನೆ ಅನ್ನುವವರಲ್ಲ. ಆಮೇಲೆ ದೀಪ ಕಡಿಮೆ ಮಾಡಿದರು. ಅಂಗಳದ ನಡುವೆ ಇಪ್ಪತ್ತೊಂಬತ್ತರ ಮಾಲೋ ಎದ್ದು ನಿಂತ.

ಅವನು ಓಡಿದ, ತಿರುಗಿದ, ಹಾರಿದ. ಎಡಗಾಲ ಮೇಲೆ ಇಳಿದ. ಇಳಿದವನ ಪಾದ ಹೊರಳಿತು. ಆಮೇಲೆ ಆ ಕಾಲನ್ನು ಎಳೆಯುತ್ತ, ಹಸಿ ಗೋಡೆಗೆ ಕೈ ಊರಿದಂತೆ ಗಾಳಿಗೆ ಕೈ ಊರುತ್ತ, ಅಂಗಳದ ಅಂಚಿಗೆ ಬಂದು ಕೂತುಬಿಟ್ಟ.

"ಇನ್ನೊಮ್ಮೆ ತೋರಸ್ರಿ" ಎಂದರು ನದಾಫ ಸರ್.

ಇನ್ನೊಮ್ಮೆ ತೋರಿಸಿದರು. ಇನ್ನೊಮ್ಮೆಯೂ ಅದೇ ಎಡಗಾಲು.

"ಪಾದದ ನರ ಸಾಯ್ತಾವ ಅಂತೈತಿ" ಎಂದರು ಮಂದಾಕಿನಿ ಮೆಲ್ಲಗೆ. "ಸ್ಪರ್ಶ ಹೋಗ್ತೈತಿ. ಈಗಾಗ್ಲೇ ಹೋಗಾಕ ಹತ್ತೈತಿ."

"ನಮ್ಮ ಡಾಕ್ಟರ್ ಸೂಜಿ ಚುಚ್ಚಿ ನೋಡ್ಯಾರ, ಕಾಲು ಛಲೋ ಐತಿ ಅಂದಾರ."

"ಸೂಜಿ ಇವತ್ತಿಂದು ನೋಡ್ತೈತ್ರಿ ಸರ್. ಇದು ಹತ್ತು ವರ್ಷದ್ದು ನೋಡ್ತೈತಿ."

ಶೆಟ್ಟರು ಕುರ್ಚಿಯಿಂದ ಎದ್ದರು. "ಹಳೇ ಪೆಟ್ಟು ಮುಚ್ಚಿಟ್ಟಾನ. ಇವನೋ, ಇವನ ಏಜೆಂಟೋ. ಬೆಳ್ಳಗ ಇದ್ದದ್ದೆಲ್ಲ ಹಾಲು ಅಂದ್ಕೋಬ್ಯಾಡ್ರಿ."

ಮಾಲೋ ಗಾಜಿನ ಆಚೆ ನಿಂತು ಎಲ್ಲವನ್ನೂ ನೋಡಿದ್ದ. ಅವನು ಬಗ್ಗಿ ತನ್ನ ಎಡಗಾಲ ಹರಡನ್ನು ಮುಟ್ಟಿ ನೋಡಿಕೊಂಡ. ಅದು ಅವನದೇ ಹೌದೋ ಅಲ್ಲವೋ ಎನ್ನುವ ಹಾಗೆ.

ಮೊದಲ ಪರೀಕ್ಷೆಯ ಮಾತು ಕಚ್ಚಾ ಮಾತು, ಆದರೂ ಎಲ್ಲ ಕ್ಲಬ್ಬಿಗೂ ಹೋಗುತ್ತದೆ. ಎರಡನೆಯ ಪರೀಕ್ಷೆ ಬೇಸಿಗೆಯ ಕೊನೆಗೆ. ಅದರ ಮಾತೇ ಪಕ್ಕಾ. ಅಲ್ಲಿಯವರೆಗೆ ಹುಡುಗ ನಮ್ಮ ಮಾಳಿಗೆಯಲ್ಲಿ.

ಅವತ್ತಿನಿಂದ ನಾನು ಅವನ ಕಾಲು ನೋಡತೊಡಗಿದೆ. ಮೆಟ್ಟಿಲು ಇಳಿಯುವಾಗ ನೋಡಿದೆ. ಅಂಗಳದಲ್ಲಿ ಹಗ್ಗ ಜಿಗಿಯುವಾಗ ನೋಡಿದೆ. ಅವನು ಸ್ನಾನಕ್ಕೆ ಹೋದಾಗ ಬೂಟು ಎತ್ತಿ ತಳ ನೋಡಿದೆ. ಎರಡೂ ಸಮನಾಗಿ ಸವೆದಿದ್ದವು. ಹಾಗಾದರೆ ಬೂಟು ಬದಲಿಸಿದ್ದಾನೆ ಅಂದುಕೊಂಡೆ. ಅನುಮಾನ ಒಮ್ಮೆ ಒಳಗೆ ಕೂತರೆ, ಇಲ್ಲ ಅನ್ನುವ ಸಾಕ್ಷಿಯೂ ಅದಕ್ಕೆ ಹೌದು ಅಂದ ಹಾಗೆಯೇ ಕೇಳುತ್ತದೆ.

ಒಂದು ದಿನ ನಾವು ಮೂವರೂ ಪಡಸಾಲೆಯಲ್ಲಿ ಉಣ್ಣುತ್ತಿದ್ದೆವು. ಅವನಿಗೆ ಚಕ್ಕಳಮಕ್ಕಳ ಹಾಕಿ ಕೂರುವುದು ಆಗದು. ಉದ್ದನೆಯ ಕಾಲು ಚಾಚಿದ. ಅದು ಬಂದು ನನ್ನ ಪಾದಕ್ಕೆ ತಾಗಿತು. ನನಗೆ ಸಕ್ಕರೆ ಕಾಯಿಲೆ, ಅಂಗಾಲಿಗೆ ಜೀವ ಕಡಿಮೆ. ತಾಗಿದ್ದನ್ನು ಕಣ್ಣಿನಿಂದ ಕಂಡೆ. ನಮ್ಮಲ್ಲಿ ಕಾಲು ತಾಗಿದರೆ ಕೂಸಾದರೂ ಮುಟ್ಟಿ ನಮಸ್ಕಾರ ಮಾಡಿಕೊಳ್ಳುತ್ತದೆ. ಇವನು ಕಾಲು ಹಿಂದಕ್ಕೆ ಎಳೆದುಕೊಂಡು ಉಣ್ಣುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ನೀಲವ್ವನ ತಾಟಿಗೂ ತಾಗಿಸಿದ. ಆಗಲೂ ಅಷ್ಟೇ.

ಇವನಿಗೆ ತಾಗಿದ್ದೇ ತಿಳಿಯುವುದಿಲ್ಲ ಅಂದುಕೊಂಡೆ. ಯಂತ್ರ ಹೇಳಿದ್ದು ಖರೆ.

ಮರುದಿನ ಬುತ್ತಿ ಒಯ್ದಾಗ ಮಂದಾಕಿನಿ ಕೇಳಿದರು: "ಅಜ್ಜಾ, ಮನ್ಯಾಗ ಅವನ ನಡಿಗಿ ಹೆಂಗೈತಿ? ಏನರ ಕಂಡೀರೇನು?"

"ನಡಿಗಿ ನೆಟ್ಟಗ ಐತ್ರಿ ಅಕ್ಕಾರ. ಆದ್ರ ಕಾಲು ತಾಗಿದ್ದು ಅವಗ ಗೊತ್ತಾಗಾಂಗಿಲ್ಲ."

ಅವರು ತಲೆ ಆಡಿಸಿದರು. "ಯಂತ್ರಾನೂ ಅದನ್ನ ಅಂತೈತಿ."

ಒಂದು ವಾರ ಕಳೆಯಿತು. ಹುಡುಗ ಬಲಗಾಲ ಮೇಲೆಯೇ ಇಳಿಯತೊಡಗಿದ. ಹಾರುವ ಮೊದಲು ಕೆಳಗೆ ನೋಡುವ ಚಾಳಿ ಬಂತು. ಆಟ ಕಟ್ಟುವವನು ಕೆಳಗೆ ನೋಡಿದರೆ ಆಟ ಎಲ್ಲಿ ಉಳಿಯಿತು? ನದಾಫ ಸರ್ ಶಿಳ್ಳೆ ಊದಿ ಊದಿ ಸೋತರು. "ಏ ಹುಚ್ಚಪ್ಯಾಲಿ, ಕಾಲು ಎಲ್ಲೂ ಓಡಿ ಹೋಗಾಂಗಿಲ್ಲ, ಮ್ಯಾಲ ನೋಡು!"

ಸಂಜೆ ಕಟ್ಟೆಯ ಮೇಲೆ ಕೂತು ಅವನು ನೀಲವ್ವನಿಗೆ ಹೇಳುತ್ತಿದ್ದ: "ಇಲ್ಲಿ ನಿರಾಕರಿಸಲ್ಪಟ್ಟರೆ ನಾನು ತಂದೆಯವರ ದೋಣಿಗೆ ಹಿಂದಿರುಗಬೇಕು. ಆದರೆ ಸಮುದ್ರವು ನನಗೆ ವಾಂತಿಯನ್ನು ತರುತ್ತದೆ."

"ಮೀನಗಾರನ ಮಗಾ ಆಗಿ ವಾಂತಿ ಮಾಡ್ತೀಯೇನೋ ಮಾಲಪ್ಪ!" ಅವಳು ನಕ್ಕಳು, ಅವನೂ ನಕ್ಕ. ಆದರೆ ಅವನ ಕೈ ಎಡಗಾಲನ್ನು ತಿಕ್ಕುತ್ತಲೇ ಇತ್ತು.

ನೀಲವ್ವ ನನ್ನ ಹಾಗಲ್ಲ. ಅವಳಿಗೆ ಅನುಮಾನ ಇಟ್ಟುಕೊಳ್ಳಲು ಬರುವುದಿಲ್ಲ, ಬಂದದ್ದನ್ನು ಮುಖದ ಮೇಲೆ ಅಂದುಬಿಡುತ್ತಾಳೆ. ಮತ್ತೊಮ್ಮೆ ಅವನ ಕಾಲು ಅವಳ ತಾಟಿಗೆ ತಾಗಿದಾಗ ಸೌಟು ಎತ್ತಿ ಕೇಳಿದಳು.

"ಏ ಮಾಲಪ್ಪ. ಅನ್ನಕ್ಕ ಕಾಲು ಹಚ್ಚಿದಿ. ತಿಳಿಲಿಲ್ಲೇನು ನಿನಗ?"

ಉಣ್ಣುವಾಗ ಅವನು ಬಿಲ್ಲೆ ತೆಗೆದಿಡುತ್ತಿದ್ದ. ಈಗ ಗಾಬರಿಯಾಗಿ ಕೊರಳಿಗೆ ಹಾಕಿಕೊಂಡ.

"ತಿಳಿಯಿತು, ಮಾತೆಯವರೇ. ಪ್ರತಿ ಬಾರಿಯೂ ನಾನು ಕ್ಷಮೆ ಕೇಳಿದ್ದೇನೆ."

"ಎಲ್ಲಿ ಕೇಳೀಯೋ? ನನ್ನ ಕಿವಿ ಇನ್ನೂ ಗಟ್ಟಿ ಅದಾವ."

"ಪಾರ್ದೋಂ" ಎಂದ ಅವನು, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ನಮ್ಮಲ್ಲಿ ಹೀಗೆ ಮೆಲ್ಲಗೆ ಹೇಳುತ್ತೇವೆ. ಅಜ್ಜನವರ ಪಾದಕ್ಕೆ ತಾಗಿದಾಗಲೂ ಹೇಳಿದೆ."

"ಅದನ್ನ ಬಾಯಾಗ ಇಟ್ಕೊಂಡ್ರ ಹೆಂಗ? ಇಲ್ಲಿ ನೋಡು." ಅವಳು ನನ್ನ ಕಾಲು ಮುಟ್ಟಿ, ಬೆರಳನ್ನು ಎದೆಗೆ ಒತ್ತಿ ತೋರಿಸಿದಳು. "ಹಿಂಗ. ಅವಸರ ಇದ್ರ ಬರೇ ಎದಿ ಮುಟ್ಕೊ. ಸಾಕು, ದೇವರಿಗೆ ತಿಳಿತೈತಿ."

ಹುಡುಗ ಕಲಿತ. ಕಲಿತದ್ದು ಹೆಚ್ಚಾಯಿತು. ಮೆಟ್ಟಿಲಿಗೆ ಕಾಲು ತಾಗಿದರೂ ಎದೆ ಮುಟ್ಟಿಕೊಳ್ಳುತ್ತಿದ್ದ, ನಾಯಿಗೆ ತಾಗಿದರೂ ಮುಟ್ಟಿಕೊಳ್ಳುತ್ತಿದ್ದ. ಕ್ಲಬ್ಬಿನ ಹುಡುಗರು "ಬಂದ್ರು ನೋಡ್ರೋ, ಮಾಲಪ್ಪ ಸ್ವಾಮಿಗಳು" ಎಂದು ಚೇಷ್ಟೆ ಮಾಡಿ ಬೇಕಂತಲೇ ಅವನ ಪಾದ ತುಳಿಯುತ್ತಿದ್ದರು.

ಆ ಮೇಲಿನ ಸೋಮವಾರ ಯಂತ್ರದ ಕೋಣೆಯಲ್ಲಿ ಗದ್ದಲ ಎದ್ದಿತ್ತು. ಅಭ್ಯಾಸದ ಆಟವನ್ನೂ ಪೂರ್ವದರ್ಶಿ ನೋಡುತ್ತಲೇ ಇರುತ್ತದೆ. ಮಂದಾಕಿನಿ ಸುಮ್ಮನೆ ಮಾಲೋನ ನಾಳಿನವನನ್ನು ಎಬ್ಬಿಸಿ ನೋಡಿದ್ದರು. ಅವನು ಎಡಗಾಲ ಮೇಲೆ ಇಳಿದ, ಇಳಿದು ಓಡಿದ. ಕುಂಟು ಇರಲಿಲ್ಲ.

"ವಾರದಾಗ ಸತ್ತ ನರ ಹೊಳ್ಳಿ ಬಂದ್ವಂತ!" ಶೆಟ್ಟರು ಮೇಜು ಗುದ್ದಿದರು. "ಯಾರೋ ಯಂತ್ರಕ್ಕ ಕೈ ಹಾಕ್ಯಾರ." ಅವರ ಕಣ್ಣು ಮೊದಲು ಮಂದಾಕಿನಿಯ ಮೇಲೆ ನಿಂತಿತು, ಆಮೇಲೆ ಬುತ್ತಿ ಹಿಡಿದು ನಿಂತ ನನ್ನ ಮೇಲೆ. "ಹುಡುಗ ಇವರ ಮನ್ಯಾಗ ಇರ್ತಾನ. ಅಜ್ಜ ದಿನಾ ಊಟದ ನೆವದಾಗ ಒಳಗ ಬರ್ತಾನ."

"ನನಗ ಟಿವಿ ಹಚ್ಚಾಕ ಬರಾಂಗಿಲ್ರಿ ಸಾಹೇಬ್ರ" ಎಂದೆ.

"ಬರದಾವ್ರನ್ನ ಕಳಸ್ತಾರ ಇಂಥದಕ್ಕ."

ಅವತ್ತಿನಿಂದ ಬುತ್ತಿಯನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದರು. ಕಾವಲುಗಾರ ಡಬ್ಬಿಯ ಮುಚ್ಚಳ ತೆಗೆದು ಪಲ್ಯದೊಳಗೆ ಚಮಚೆ ಆಡಿಸಿ ನೋಡುತ್ತಿದ್ದ. ನನಗೂ ಒಂದು ಅನುಮಾನ ಬಂದಿತ್ತು, ಸುಳ್ಳು ಯಾಕೆ ಹೇಳಲಿ: ಮಂದಾಕಿನಿಯೇ ಹುಡುಗನ ಮೇಲಿನ ಕನಿಕರಕ್ಕೆ ಏನಾದರೂ ತಿರುವಿಟ್ಟರೋ ಎಂದು. ಶೆಟ್ಟರಿಗೆ ಮಾಲೋನ ಮೇಲೆ ಅನುಮಾನ. ಮಾಲೋನಿಗೆ ತನ್ನ ಕಾಲ ಮೇಲೆ. ಒಂದು ಕಾಲಿನ ಸುತ್ತ ಇಷ್ಟು ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ತಿರುಗಿದೆವು.

ಮಂದಾಕಿನಿ ಮಾತು ಬಿಟ್ಟು ಕೆಲಸ ಹಿಡಿದರು. ಹುಡುಗನನ್ನು ಎರಡು ವಾರ ಆಡಿಸಿದರು. ಬೇರೆ ಬೂಟು ಹಾಕಿಸಿದರು, ಬರಿಗಾಲಲ್ಲಿ ಓಡಿಸಿದರು, ಒಬ್ಬನನ್ನೇ ಆಡಿಸಿದರು. ಒಬ್ಬನೇ ಆಡಿದ ದಿನ ಯಂತ್ರಕ್ಕೆ ಏನೂ ತಿಳಿಯದೆ ನಾಳಿನವನು ಎದ್ದೇ ಇರಲಿಲ್ಲ. ಉಳಿದವರು ಅಂಗಳಕ್ಕೆ ಇಳಿದು, ಅವನ ಪಾದ ತುಳಿದು, ಅವನು ಎದೆ ಮುಟ್ಟಿಕೊಂಡ ಕೂಡಲೇ ನಾಳಿನವನು ಎದ್ದು ನಿಂತ. ಆಗ ಮಂದಾಕಿನಿ ಗಾಜಿನ ಹಿಂದಿನಿಂದ ಕೂಗಿದರು:

"ಮಾಲೋ, ಆ ಕೈ! ಇನ್ನ ಆ ಕೈ ಎತ್ತಬ್ಯಾಡ. ಯಾರರ ತುಳೀಲಿ, ಸುಮ್ನಿರು."

ಅವನು ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನಾಳಿನವನು ಕುಂಟಿದ. "ಈಗ ಎತ್ತು" ಎಂದರು. ನಾಳಿನವನು ಓಡಿದ.

ಅವರು ಅವತ್ತು ತಾವೇ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಹೇಳಿದರು. ಪೂರ್ವದರ್ಶಿಗೆ ಯಾರೂ ಹೀಗೆ ನೋಡು ಹಾಗೆ ನೋಡು ಎಂದು ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆಯ ಸಾವಿರಾರು ಮಕ್ಕಳ ಆಟ ತೋರಿಸಿ, ಮುಂದೆ ಯಾರು ಉಳಿದರು, ಯಾರು ಬಿದ್ದರು ಎಂದಷ್ಟೇ ಹೇಳಿದ್ದರು. ಕಾರಣವನ್ನು ಅದು ತಾನೇ ಹುಡುಕಿಕೊಂಡಿತ್ತು. ನಮ್ಮ ಮಕ್ಕಳು ಆಟದ ಭರಾಟೆಯಲ್ಲೂ ಕಾಲು ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಎದೆ ಮುಟ್ಟಿಕೊಳ್ಳುತ್ತಾರೆ. ಪೆಟ್ಟು ತಿಂದು ಪಾದದ ಸ್ಪರ್ಶ ಹೋದವರಿಗೆ ತಾಗಿದ್ದೇ ತಿಳಿಯದು, ಹಾಗಾಗಿ ಕೈ ಏಳದು. ಅಂಥವರು ಕೆಲವು ವರ್ಷದಲ್ಲಿ ಆಟ ಬಿಟ್ಟಿದ್ದರು. ಕೈ ಏಳದವನ ಕಾಲು ಸತ್ತಿದೆ ಎಂದು ಯಂತ್ರ ತೀರ್ಮಾನಿಸಿಬಿಟ್ಟಿತ್ತು. ಮಾಲೋನಿಗೆ ಎಡಗಾಲು ಮುಂದಿಟ್ಟು ಆಡುವ ರೂಢಿ, ತಾಗುವುದೆಲ್ಲ ಅದಕ್ಕೇ. ಅದಕ್ಕೇ ಎಡಗಾಲು ಕುಂಟಿತು.

"ನಾನೂ ಹಂಗ ಅಂದೆನಲ್ರಿ ಅಕ್ಕಾರ" ಎಂದೆ. "ಯಂತ್ರಕ್ಕೂ ನನಗೂ ಏನು ಫರಕು ಉಳೀತು?"

"ನಾನೂ ಅದನ್ನ ಮಾಡ್ತೀನಿ ಅಜ್ಜಾ, ಹುಟ್ಟಿದಾಗಿಂದ. ದಿನಾ ಮಾಡೂದು ಕಣ್ಣಿಗೆ ಬೀಳಾಂಗಿಲ್ಲ."

ನೀಲವ್ವ ಎಲೆಅಡಿಕೆ ತಟ್ಟೆ ತಂದಿಟ್ಟವಳು ಅಲ್ಲೇ ನಿಂತಳು. "ಹಂಗಂದ್ರ ಹೋದ ವರ್ಷ ಪರೀಕ್ಷಾಕ್ಕ ಬಂದಿದ್ದ ಆ ಮಿಜೋರಾಂ ಹುಡುಗಿ, ರೆಮಿ. ಅಕೀದೂ ಕಾಲು ಸತ್ತೈತಿ ಅಂದ್ರಿ. ಅಳಕೋತ ಹೋದ್ಲು."

ಮಂದಾಕಿನಿ ಎಲೆಗೆ ಕೈ ಹಾಕಿದವರು ಹಾಗೇ ಬಿಟ್ಟರು.

ಶೆಟ್ಟರಿಗೆ ವಿಷಯ ತಿಳಿದಾಗ ಅವರು ಸಿಟ್ಟಾಗಲಿಲ್ಲ, ನಕ್ಕರು. ಅದು ನನಗೆ ಇನ್ನೂ ಹೆಚ್ಚು ದಿಗಿಲು ತಂದಿತು. ಮಾಲೋನ ಜೊತೆ ನನ್ನನ್ನೂ ಒಳಗೆ ಕರೆಸಿ ಅವನಿಗೆ ಹೇಳಿದರು: "ಎರಡನೇ ಪರೀಕ್ಷಾದಾಗ ಕೈ ಎತ್ತು. ಯಂತ್ರ ಪಾಸ್ ಅಂತೈತಿ. ಮೂರು ವರ್ಷದ ಕರಾರು. ಒಂದ ಮಾತು, ಇದು ಈ ಕೋಣಿ ದಾಟಬಾರದು. ಯಂತ್ರ ತಪ್ಪು ಅಂತ ಹೊರಗ ಹೋತಂದ್ರ ಇಷ್ಟು ವರ್ಷ ತಗೊಂಡಾವ್ರು, ಬಿಟ್ಟಾವ್ರು, ಎಲ್ಲಾರೂ ಬಂದು ಬಾಗಲಾ ಬಡೀತಾರ."

ಹುಡುಗನ ಎದುರಿಗೆ ಅತ್ತ ದೋಣಿ ಇತ್ತು, ವಾಂತಿ ಇತ್ತು. ಇತ್ತ ಬರೀ ಒಂದು ಸಹಿ.

"ನಾನು ಹೀಗೆ ಸಹಿ ಮಾಡಿದರೆ," ಎಂದಿತು ಬಿಲ್ಲೆ, "ನನ್ನನ್ನು ಆರಿಸಿದ್ದು ನನ್ನ ಕಾಲಿಗೋ ನನ್ನ ಕೈಗೋ ಎಂಬುದು ನನಗೆ ಎಂದಿಗೂ ತಿಳಿಯುವುದಿಲ್ಲ. ನನ್ನ ಆಟವನ್ನು ಯಾರಾದರೂ ಕಣ್ಣಿನಿಂದ ನೋಡಲಿ."

ಎರಡನೆಯ ಪರೀಕ್ಷೆಗೆ ಕ್ಲಬ್ಬಿನ ಯಜಮಾನರೂ ಬೇರೆ ಊರಿನ ಕ್ಲಬ್ಬುಗಳವರೂ ಬಂದಿದ್ದರು. ಮಾವಿನಹಣ್ಣಿನ ಕಾಲ, ನೀಲವ್ವ ಸೀಕರಣೆ ಮಾಡಿ ಕಳಿಸಿದ್ದಳು. ಮಾಲೋನ ಸರದಿ ಬಂದಾಗ ಮಂದಾಕಿನಿ ಎದ್ದು ನಿಂತು, "ಅದಕ್ಕಿಂತ ಮೊದಲ ಇನ್ನೊಬ್ಬರನ್ನ ನೋಡೋಣು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಜ್ಜಾ, ಚಪ್ಪಲಿ ಬಿಟ್ಟು ಬರ್ರಿ."

ನಾನು ಧೋತರ ಮೇಲೆ ಕಟ್ಟಿಕೊಂಡು ಅಂಗಳಕ್ಕೆ ಇಳಿದೆ. ಹುಡುಗರು ಚೆಂಡು ಕೊಟ್ಟರು, ನಾನು ಕೆಡವಿದೆ. ಅವರು ನನ್ನ ಪಾದ ತುಳಿದರು. ನನಗೆ ತಿಳಿಯಲಿಲ್ಲ, ಕಣ್ಣಿನಿಂದ ನೋಡಿ ನೋಡಿ ಎದೆ ಮುಟ್ಟಿಕೊಂಡೆ. ದೀಪ ಇಳಿಯಿತು. ನಡುವೆ ಧೋತರ ಉಟ್ಟ ಮುದುಕನೊಬ್ಬ ಎದ್ದು ನಿಂತ. ಹತ್ತು ವರ್ಷದಾಚೆಯ ನಾನು. ಅವನು ಜಿಂಕೆಯಂತೆ ಓಡಿ, ಹಾರಿ, ಚೆಂಡನ್ನು ಬುಟ್ಟಿಯೊಳಗೆ ಒತ್ತಿ ಇಳಿದ.

ಇಡೀ ಕೋಣೆ ನಕ್ಕಿತು. ಬಾಗಿಲಲ್ಲಿ ನಿಂತ ನೀಲವ್ವ, "ಮನ್ಯಾಗ ಒಂದು ಕೊಡಾ ನೀರು ಎತ್ತಾಂಗಿಲ್ಲ ಇವ್ರು" ಎಂದಳು. ಮತ್ತೂ ನಕ್ಕರು.

"ಈಗ ಕೈ ಬೆನ್ನಿಗೆ ಕಟ್ಕೊರಿ ಅಜ್ಜಾ" ಎಂದರು ಮಂದಾಕಿನಿ.

ಕಟ್ಟಿಕೊಂಡೆ. ಹುಡುಗರು ತುಳಿದರು. ಬೆಳಕಿನ ಮುದುಕ ಓಡುತ್ತಿದ್ದವನು ನಿಂತ, ಎರಡೂ ಕಾಲು ಎಳೆದ, ಅಂಗಳದ ನಡುವೆ ಕುಸಿದು ಕೂತ. ಯಾರೂ ನಗಲಿಲ್ಲ. ಅದು ನನ್ನ ನಿಜವಾದ ಕಾಲಿಗೆ ಹತ್ತಿರವಾಗಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಯಂತ್ರಕ್ಕೆ ಅದು ಗೊತ್ತಾದದ್ದು ಕಾಲಿನಿಂದಲ್ಲ.

ಯಂತ್ರದ ಕೋಣೆಗೆ ಅವತ್ತೇ ಬೀಗ ಬಿತ್ತು. ಮಾಲೋನ ಬಗ್ಗೆ ಹೇಳಿದ್ದು ತಪ್ಪು ಎಂದು ಎಲ್ಲ ಕ್ಲಬ್ಬಿಗೂ ತಿಳಿಸಿದರು. ಇನ್ನು ಅವನಿಗೆ ದಾರಿ ತೆರೆಯಿತು ಅಂದುಕೊಂಡೆವು. ಆದರೆ ಮೊದಲು ಅವನ ಹೆಸರೇ ಕೇಳದಿದ್ದವರಿಗೂ ಈಗ ಅವನ ಎಡಗಾಲು ಗೊತ್ತಾಯಿತು. ತಪ್ಪಾಗಿತ್ತು, ಸರಿ. ಬೆಂಕಿ ಇಲ್ಲದೆ ಹೊಗೆ ಎಲ್ಲಿಂದ ಬಂತು ಎಂದು ಒಬ್ಬೊಬ್ಬರೇ ಹಿಂದೆ ಸರಿದರು.

ನದಾಫ ಸರ್ ಶೆಟ್ಟರ ಮುಂದೆ ನಿಂತು ವಾದ ಮಾಡಿದರು. "ನನ್ನ ಕಣ್ಣಿನ ಜವಾಬ್ದಾರಿ ಮ್ಯಾಲ ತಗೋರಿ. ಹುಡುಗ ದೊಡ್ಡ ಗಾರ್ಡ್ ಆಗ್ತಾನ."

"ಸರ್, ನಾಳೆ ಅವ ಜಾರಿ ಬಿದ್ನಂದ್ರ? ಯಂತ್ರ ಮೊದಲ ಹೇಳಿತ್ತಲ್ಲಾ ಅಂತಾರ. ಅವಾಗ ನಿಮ್ಮ ಕಣ್ಣು ಯಾರೂ ಕೇಳಾಂಗಿಲ್ಲ."

ಯಂತ್ರ ಕೊಳ್ಳುವ ಶಕ್ತಿ ಇಲ್ಲದ ಒಂದು ಸಣ್ಣ ಕ್ಲಬ್ಬು, ಎಲ್ಲೋ ಚಳಿ ಸಮುದ್ರದ ದಂಡೆಯದು, ಬಂದು ಆಡಿ ತೋರಿಸು, ನೋಡುತ್ತೇವೆ ಎಂದಿತು. ಮಾತು ಕೊಡಲಿಲ್ಲ, ನೋಡುತ್ತೇವೆ ಎಂದಷ್ಟೇ. ಮಾಲೋ ಒಪ್ಪಿದ.

ಮಂದಾಕಿನಿ ಅವನಿಗಿಂತ ಮೊದಲು ಹೋದರು. ಕ್ಲಬ್ಬು ಅವರನ್ನು ಬಿಡಿಸಿತೋ ಅವರೇ ಬಿಟ್ಟರೋ, ಎರಡೂ ಕಡೆಯವರು ಬೇರೆ ಬೇರೆ ಹೇಳಿದರು. ಮಿಜೋರಾಂನ ಐಜ್ವಾಲಿಗೆ ಹೋಗಿ ರೆಮಿಯನ್ನು ಹುಡುಕುತ್ತೇನೆ ಎಂದು ನೀಲವ್ವನಿಗೆ ಹೇಳಿ, ಗುರುವಾರ ಹೊರಟರು.

ಮಾಲೋನನ್ನು ಬಿಡಲು ನಾವು ಮೂವರು ಸ್ಟೇಷನ್ನಿಗೆ ಹೋಗಿದ್ದೆವು: ನದಾಫ ಸರ್, ನೀಲವ್ವ, ನಾನು. ಮಳೆ ಹನಿಯುತ್ತಿತ್ತು, ಪ್ಲಾಟ್‌ಫಾರ್ಮ್ ಒದ್ದೆ. ನೀಲವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ದೋಣಿ ಹತ್ತಬ್ಯಾಡ ನೋಡು" ಎಂದಳು. ರೈಲು ಬಂತು. ಅವನು ಚೀಲ ಹೆಗಲಿಗೇರಿಸಿ ಡಬ್ಬಿಯ ಮೆಟ್ಟಿಲು ಹತ್ತಿದ, ಹತ್ತಿ ಬಾಗಿಲಲ್ಲಿ ನಮ್ಮ ಕಡೆ ತಿರುಗಿದ.

ತಿರುಗಿದಾಗ ನಮ್ಮ ಮೂವರ ಕಣ್ಣೂ ಅವನ ಎಡಗಾಲ ಮೇಲಿದ್ದವು. ಆ ಕಾಲಿಗೆ ಏನೂ ಆಗಿಲ್ಲ ಎಂದು ತಿಳಿದಿದ್ದ ನಮ್ಮ ಕಣ್ಣು ಕೂಡ. ಅವನು ಅದನ್ನು ಕಂಡ. ಆ ಕಾಲನ್ನು ಸ್ವಲ್ಪ ಹಿಂದಕ್ಕೆ, ಬಾಗಿಲ ಮರೆಗೆ, ಎಳೆದುಕೊಂಡ.

ಮಾಲೋ ಧಾರವಾಡ ಬಿಟ್ಟು ಹೋದದ್ದು ರೋಹಿಣಿ ಮಳೆಯ ಕೊನೆಯ ರವಿವಾರ.